ಹಾರ ಹಾಕಿಸಿಕೊಂಡ ಕಾರು

ಕೆರೆ ಕಾಯುವ ಚೌಡಮ್ಮನಿಗೆ, ಅವಳ ಸಂಬಳ ಕೊಡುವ ಅಕ್ಕಿ ಗಿರಣಿ ಸಾಹುಕಾರರ ಫೋನು ಬಂತು. "ರಜೆ ಕಳೆಯೋಕೆ ಬರ್ತಿದ್ದೀನಿ. ನನ್ನ ಹೊಸ ಕಾರು ಸೀದಾ ಕೆರೆ ಏರಿ ಮೇಲೆ, ನೀರಿನ ಪಕ್ಕದಲ್ಲೇ ನಿಲ್ಲಬೇಕು. ಕಾರಿಗೆ ಜಾಗ ಇಲ್ಲ ಅಂದ್ರೆ ನಿನಗೆ ಕೆಲಸ ಇಲ್ಲ!"

ಚೌಡಮ್ಮ ಕೆರೆ ನೋಡಿದಳು. ನೀರೇ ಕಾಣದಷ್ಟು ಹಕ್ಕಿಗಳು. ಕಾರಿನ ಸದ್ದು ಹತ್ತಿರ ಬಂದರೆ ಒಂದೂ ಉಳಿಯದೆ ಹಾರಿಹೋಗುತ್ತವೆ.

"ಆಗಲಿ ಬುದ್ಧಿ, ಕಾರನ್ನ ಚೆನ್ನಾಗಿ ನೋಡ್ಕೋತೀನಿ" ಅಂದಳು.

ಭಾನುವಾರ ಕಾರು ಊರಬಾಗಿಲಿಗೆ ಬಂತು. ಚೌಡಮ್ಮನ ಜೊತೆ ಊರ ಹೆಂಗಸರು ಅಡ್ಡ ನಿಂತರು. ಬಾನೆಟ್ಟಿಗೆ ಹಾರ ಹಾಕಿದರು, ಗಾಜಿಗೆ ಕುಂಕುಮ ಇಟ್ಟರು, ಚಕ್ರಗಳಿಗೆ ನೀರು ಹಾಕಿ ತೊಳೆದು ಆರತಿ ಎತ್ತಿದರು. ಒಳಗೆ ಕೂತ ಸಾಹುಕಾರರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಸಾಹುಕಾರರು ಧಡಾರನೆ ಬಾಗಿಲು ತೆಗೆದು ಇಳಿದರು. "ಏ ಚೌಡಿ, ನೆಂಟ ನಾನೋ ಕಾರೋ?"

"ಫೋನಲ್ಲಿ ತಾವು ಹೇಳಿದ್ದೆಲ್ಲ ಕಾರಿನ ವಿಷಯಾನೇ ಬುದ್ಧಿ. ಅದಕ್ಕೆ ಅಂತ ಇಲ್ಲೇ ಚಪ್ಪರ ಹಾಕಿಸಿದ್ದೀನಿ. ತಾವೂ ನೆಂಟರಾದ್ರೆ ನಿಮ್ಮ ಹಾರ ಏರಿ ಮೇಲಿದೆ, ಬನ್ನಿ."

ಸಾಹುಕಾರರು ಸಿಟ್ಟಿನಲ್ಲೇ ಸರಸರನೆ ನಡೆದರು. ಏರಿ ಹತ್ತಿದವರು ಹಾಗೇ ನಿಂತುಬಿಟ್ಟರು. ಒಂದು ದೊಡ್ಡ ಹಿಂಡು ಎದ್ದು, ಬಿಸಿಲನ್ನೇ ಮರೆಮಾಡಿ, ಅವರ ತಲೆಯ ಮೇಲೇ ಹಾದುಹೋಯಿತು. ರೆಕ್ಕೆಯ ಗಾಳಿ ಮುಖಕ್ಕೆ ತಾಗಿತು. ಸಾಹುಕಾರರು ಮೆಲ್ಲಗೆ ಚಪ್ಪಲಿ ಕಳಚಿದರು. ಚೌಡಮ್ಮ ಹಾರ ಹಾಕಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಸಂಜೆ ಹೊರಡುವಾಗ ಡ್ರೈವರ್ ಕೀಲಿ ತಿರುಗಿಸಹೋದ. ಸಾಹುಕಾರರು ಅವನ ಕೈ ಹಿಡಿದರು.

"ಇಲ್ಲಿಂದ ಸದ್ದು ಕೆರೆಗೆ ಕೇಳಿಸಲ್ಲ ಸಾರ್" ಅಂದ ಅವನು.

"ಕೇಳಿಸಿಬಿಟ್ರೆ?" ಎಂದು ಪಿಸುಗುಟ್ಟಿ, ಸಾಹುಕಾರರು ಪಂಚೆ ಎತ್ತಿ ಕಟ್ಟಿ, ಕಾರನ್ನು ಹಿಂದಿನಿಂದ ತಳ್ಳತೊಡಗಿದರು.