ಗಾಣದ ಮೇಲೆ ಹಾದ ಗೆರೆ

"ಗುರುಗಳೇ, ಇಬ್ಬರು ರಾಜರೂ ರಾಜಿಯಾಗಿ ಗಡಿ ಅಳಿಸಿಬಿಟ್ಟರೆ, ಒಡೆದ ಊರು ಮತ್ತೆ ಒಂದಾಗುತ್ತದಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಎದುರು ಮನೆಯಲ್ಲಿ ಅವನ ಅಣ್ಣ, ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಎರಡು ಮನೆಗಳ ನಡುವಿನ ಅಂಗಳದಲ್ಲಿ ಗಾಣ. ತಲೆ ಸುತ್ತದಿರಲೆಂದು ಎತ್ತಿನ ಕಣ್ಣಿಗೆ ಪಟ್ಟಿ ಕಟ್ಟಿ, ಅಣ್ಣತಮ್ಮಂದಿರು ಅದರ ಹಿಂದೆ ಸುತ್ತುತ್ತ ಎಳ್ಳೆಣ್ಣೆ ತೆಗೆದು ಬದುಕುತ್ತಿದ್ದರು.

ರಾಜರಿಬ್ಬರಿಗೆ ಜಗಳ ಬಂತು. ಅವರ ಆಳುಗಳು ಬಂದು ಹಗ್ಗ ಹಿಡಿದು ಊರನ್ನು ಎರಡು ಮಾಡಿದರು. ಹಗ್ಗಕ್ಕೇನು ಗೊತ್ತು? ಅದು ನೆಟ್ಟಗೆ ಗಾಣದ ಒರಳಿನ ಮೇಲೆಯೇ ಹಾದುಹೋಯಿತು. ಅದರ ಗುರುತಿಗೆ ಸುಣ್ಣದ ಗೆರೆ ಎಳೆದರು. ಅಂಗಳದ ಕಲ್ಲಿನ ಮೇಲೆ ಒಬ್ಬ ಕಾವಲುಗಾರ ಬಂದು ಕುಳಿತ.

ಎತ್ತು ಗೆರೆಯ ಬಳಿ ಬಂದಾಗಲೆಲ್ಲ ಅವನು ತಡೆದು ನಿಲ್ಲಿಸುವನು. ಬಾಯಿ ಬಿಡಿಸಿ ನೋಡುವನು, ಬಾಲ ಎತ್ತಿ ನೋಡುವನು.

"ಎತ್ತು ಎಲ್ಲಿಂದ ಬಂತು?"

"ಅಲ್ಲಿಂದ, ಸ್ವಾಮಿ."

"ಎಲ್ಲಿಗೆ ಹೊರಟಿದೆ?"

"ಸುತ್ತಿ ಅಲ್ಲಿಗೇ, ಸ್ವಾಮಿ."

ದಾಟಲು ಎತ್ತಿಗೆ ಅಪ್ಪಣೆಯಿತ್ತು, ಮನುಷ್ಯರಿಗಿರಲಿಲ್ಲ. ಹಾಗಾಗಿ ತಮ್ಮನಾದ ಗಾಣಿಗ ಗೆರೆಯವರೆಗೆ ಎತ್ತು ಹೊಡೆದು ನಿಲ್ಲುವನು. ಉಳಿದ ಅರ್ಧ ಸುತ್ತು ಅಣ್ಣ ಹೊಡೆಯುವನು. ಹೊಟ್ಟೆಪಾಡು, ಹೇಗೋ ನಡೆಯಿತು. ಒಂದೇ ತಾಯಿಯ ಮಕ್ಕಳು ಒರಳಿನ ಆಚೆ ಈಚೆ ನಿಂತುಕೊಂಡೇ ಮುದುಕರಾದರು.

ಒಂದು ದಿನ ರಾಜರಿಗೆ ರಾಜಿಯಾಯಿತು. ಒಬ್ಬನ ಮಗಳನ್ನು ಇನ್ನೊಬ್ಬನ ಮಗನಿಗೆ ಕೊಟ್ಟು ಬೀಗರಾದರಂತೆ! ಊರಿಗೆ ಊರೇ ಒಡೆದು ಕೂತಿದ್ದು ಯಾತಕ್ಕೆಂದು ಯಾರೂ ಕೇಳಲಿಲ್ಲ. ಕಾವಲುಗಾರ ಗೆರೆಯನ್ನು ಕಾಲಲ್ಲಿ ಉಜ್ಜಿ ಅಳಿಸಿ, ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ. ಆ ವೇಳೆಗೆ ಅಣ್ಣ ಕಾಯಿಲೆ ಬಿದ್ದು ತನ್ನ ಜಗಲಿಯ ಮೇಲೆ ಮಲಗಿದ್ದ.

ಗಾಣಿಗ ಎತ್ತು ಕಟ್ಟಿ ಹೊಡೆದ. ಗೆರೆಯಿದ್ದ ಜಾಗ ಬಂದೊಡನೆ ಎತ್ತು ತಾನಾಗಿಯೇ ನಿಂತು ಬಾಯಿ ತೆರೆಯಿತು. ಗಾಣಿಗನಿಗೆ ನಗು ತಡೆಯಲಾಗಲಿಲ್ಲ. "ಎಲಾ ಮಂಕೇ, ಗೆರೆ ಎಲ್ಲಿದೆಯೋ ಇನ್ನು? ನಡಿ!"

ಅಷ್ಟರಲ್ಲಿ ಅಣ್ಣ ಕೂಗಿದ. "ತಮ್ಮಾ, ಗಂಟಲು ಒಣಗಿ ಜೀವ ಹೋಗ್ತಾ ಇದೆ. ಒಂದು ಗುಟುಕು ನೀರು ಕೊಡೋ."

ಗಾಣಿಗ ಚೆಂಬು ತುಂಬಿಕೊಂಡು ಓಡಿದ. ಎತ್ತು ನಿಂತಿದ್ದಲ್ಲೇ ಅವನ ಕಾಲುಗಳೂ ನಿಂತವು. ಮುಂದಿಡಲು ಹೋದರೂ ಏಳಲಿಲ್ಲ. ಕಾವಲುಗಾರನ ಕಲ್ಲಿನ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ತಾಳಣ್ಣಾ, ಯಾರನ್ನಾದರೂ ಒಂದು ಮಾತು ಕೇಳಿ ಬಂದುಬಿಡ್ತೀನಿ" ಎಂದು ಪಟೇಲನ ಮನೆಗೆ ಓಡಿದ.

ಪಟೇಲ ತಲೆ ಕೆರೆದುಕೊಂಡ. "ಗಡಿಯೇ ಇಲ್ಲವಲ್ಲೋ, ದಾಟೋದಕ್ಕೆ ಅಪ್ಪಣೆ ಹೇಗೆ ಕೊಡಲಿ?"

ಗಾಣಿಗನಿಗೆ ಸಮಾಧಾನವಾಗಲಿಲ್ಲ. ಅಪ್ಪಣೆ ಕೊಡುವವರನ್ನು ಹುಡುಕಿಕೊಂಡು ಬೀದಿ ಬೀದಿ ಸುತ್ತಿದ. ತಿರುಗಿ ಬರುವಷ್ಟರಲ್ಲಿ ಅಣ್ಣನ ಪ್ರಾಣ ಹೋಗಿತ್ತು. ನೀರಿನ ಚೆಂಬು ಇನ್ನೂ ಇವನ ಕೈಯಲ್ಲೇ ಇತ್ತು.

ಶಿಷ್ಯನಿಗೆ ಸಿಟ್ಟು ಬಂತು. "ಎಂಥ ಮೂಢ! ಅವನಿಗೂ ಆ ಎತ್ತಿಗೂ ಏನು ವ್ಯತ್ಯಾಸ, ಗುರುಗಳೇ?"

ಗುರುಗಳು ಹೇಳಿದರು: "ಎತ್ತಿನ ಕಣ್ಣಿಗಾದರೂ ಪಟ್ಟಿಯಿತ್ತಪ್ಪ."