ಶಾಲು ಹೊದ್ದ ಪೆಟ್ಟಿಗೆ

ಪಂಕಜಮ್ಮನವರ ನಡುಮನೆಯ ಟಿವಿಗೆ ಇಂಟರ್ನೆಟ್ಟಿನ ಸಿನಿಮಾ ತೋರಿಸಲು, ಆಟ ಆಡಿಸಲು ಒಬ್ಬ ಜೊತೆಗಾರ ಬೇಕಾಗಿತ್ತು. ಅಂಗಡಿಯಿಂದ ಇಬ್ಬರು ಪರೀಕ್ಷೆಗೆ ಬಂದರು: ಇಟ್ಟಿಗೆಗಿಂತ ದಪ್ಪನೆಯ ಪೆಟ್ಟಿಗೆ, ಟಿವಿಯ ಬೆನ್ನಿಗೇ ಸಿಕ್ಕಿಸುವ ಹೆಬ್ಬೆರಳಷ್ಟು ಕಡ್ಡಿ. ಸೋತವರು ಸಂಜೆಗೆ ವಾಪಸ್ಸು.

"ನನ್ನಂಥವನನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕೂರಿಸಬೇಕು," ಎಂದಿತು ಪೆಟ್ಟಿಗೆ.

ಟಿವಿ ಅದರ ಠೀವಿಗೆ ಮರುಳಾಯಿತು. "ತಾವು ಮೇಜಿನ ಮೇಲೆ ದಯಮಾಡಿಸಿ. ಏ ಕಡ್ಡಿ, ನೀನು ನನ್ನ ಬೆನ್ನ ಹಿಂದೆ ಬಿದ್ದಿರು."

"ಆಗಲಿ ಸ್ವಾಮಿ," ಎಂದಿತು ಕಡ್ಡಿ.

ಮೊದಲು ಪೆಟ್ಟಿಗೆಯ ಸರದಿ. ಮನೆಯವರೆಲ್ಲ ಆಟಕ್ಕೆ ಕೂತರು. ಆದರೆ ಪಂಕಜಮ್ಮನವರ ಮನೆಯಲ್ಲಿ ಚೆಂದದ ವಸ್ತು ಯಾವುದೂ ಬರಿಮೈಯಲ್ಲಿ ಇರುವಂತಿಲ್ಲ. ಮಿಕ್ಸಿಗೆ ಲಂಗ, ರಿಮೋಟಿಗೆ ಪ್ಲಾಸ್ಟಿಕ್ ಅಂಗಿ. "ಅಯ್ಯೋ, ಧೂಳು ಕೂತೀತು!" ಎಂದು ಅವರು ಪೆಟ್ಟಿಗೆಗೆ ದಪ್ಪನೆಯ ಕಸೂತಿ ಬಟ್ಟೆ ಹೊದಿಸಿ, ಮೇಲೊಂದು ಚನ್ನಪಟ್ಟಣದ ಬೊಂಬೆ ಇಟ್ಟರು.

"ನೋಡಿದಿರಾ ನನ್ನ ಮರ್ಯಾದೆ?" ಎಂದು ಬೀಗಿದ ಪೆಟ್ಟಿಗೆ ಹತ್ತೇ ನಿಮಿಷಕ್ಕೆ ಕಾದ ಕಾವಲಿಯಾಯಿತು. "ಟಿವಿಯವರೇ, ಉಸಿರು ಕಟ್ಟುತ್ತಿದೆ, ಈ ಶಾಲು ತೆಗೆಸಿ!"

"ಸನ್ಮಾನದ ನಡುವೆ ಶಾಲು ತೆಗೆಯುವುದುಂಟೇ?" ಎಂದು ಟಿವಿ ಗದರಿತು.

ಪೆಟ್ಟಿಗೆ ಮೂರ್ಛೆ ಹೋಯಿತು. ಎಲ್ಲರ ಎದುರಿಗೇ ಟಿವಿಯ ಮುಖ ಕಪ್ಪಿಟ್ಟಿತು. "ಕಡ್ಡೀ, ಇದ್ದೀಯೇನಪ್ಪಾ?" ಎಂದು ಅದು ಪಿಸುಗುಟ್ಟಿತು.

"ಇದ್ದೇನೆ ಸ್ವಾಮಿ," ಎಂದು ಕಡ್ಡಿ ಕೆಲಸಕ್ಕಿಳಿಯಿತು. ಟಿವಿಯ ಮುಖ ಬೆಳಗಿತು, ಆಟ ಮುಗಿಯಿತು, ಸಿನಿಮಾವೂ ಮುಗಿಯಿತು.

ಸಂಜೆ ಪೆಟ್ಟಿಗೆ ಅಂಗಡಿಗೆ ಹೊರಟಿತು. ಟಿವಿ ನಯವಾಗಿ, "ಕಡ್ಡಿಯವರೇ, ತಾವಿನ್ನು ಮುಂದೆ ಬನ್ನಿ. ಎಲ್ಲರೂ ನೋಡಲಿ," ಎಂದಿತು.

ಕಡ್ಡಿ ಟಿವಿಯ ಬೆನ್ನಿಗೆ ಇನ್ನಷ್ಟು ಅಂಟಿಕೊಂಡಿತು. "ಮೆಲ್ಲಗೆ ಮಾತಾಡಿ ಸ್ವಾಮಿ. ಅಮ್ಮನವರು ಆ ಬಟ್ಟೆ ಹಿಡಿದುಕೊಂಡು ಇನ್ನೂ ಇಲ್ಲೇ ನಿಂತಿದ್ದಾರೆ."