ಉಂಗುರದ ಬಟ್ಟಲು

ಮೂಡಲಕೋಟೆಯ ದೊರೆ ಗಜೇಂದ್ರನಾಯಕರಿಗೆ ಒಂದು ಮಾತು ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: "ನಾವು ಕೈ ಹಾಕಿದ್ದು ಮೊದಲ ಸಲಕ್ಕೇ ಸರಿಯಾಗುತ್ತದೆ." ಹೊಸ ಕುದುರೆ ಹತ್ತಿ ಕೆಸರಿಗೆ ಬಿದ್ದ ದಿನವೂ ಅದನ್ನೇ ಹೇಳಿದ್ದರು. ಬೀಳಬೇಕೆಂದೇ ಹತ್ತಿದ್ದರಂತೆ. ಆಸ್ಥಾನವೆಲ್ಲ ಹೌದೌದು ಎಂದು ತಲೆಯಾಡಿಸಿತ್ತು.

ಒಮ್ಮೆ ನೆರೆರಾಜ್ಯದ ದೂತ ಮರದ ಬಟ್ಟಲೊಂದನ್ನು ಕಾಣಿಕೆ ತಂದ. ತೆಳ್ಳನೆಯ ಉದ್ದ ಕಾಲು, ಆ ಕಾಲಿನ ಸುತ್ತ ಸಡಿಲವಾಗಿ ತಿರುಗುವ ಮರದ ಉಂಗುರ. ಮೇಲೆ ಬಟ್ಟಲು ಅಗಲ, ಕೆಳಗೆ ಪಾದ ಅಗಲ. ಉಂಗುರ ನಡುವೆ ಹೋಗಿ ಕೂತದ್ದು ಹೇಗೆ? ಅಂಟಿಲ್ಲ, ಸೀಳಿಲ್ಲ. ಎಲ್ಲವೂ ಒಂದೇ ತುಂಡಿನಲ್ಲಿ ಕಡೆದದ್ದು.

ದೊರೆಗಳಿಗೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಮರ ಕಡೆಯುವ ಕಾಳಾಚಾರಿಯನ್ನು ಕರೆಸಿದರು. ಅವನು ಹುಟ್ಟಿದಾಗಿನಿಂದ ಲಟ್ಟಣಿಗೆ, ಬುಗುರಿ, ಮಂಚದ ಕಾಲು ಕಡೆದುಕೊಂಡು ಬಂದವನು.

"ಇಂಥದ್ದು ಕಡೆದಿದ್ದೀಯೇನೋ?"

"ಇಲ್ಲ ಬುದ್ಧಿ, ನೋಡ್ತಿರೋದೇ ಇವತ್ತು. ನಾಕು ತುಂಡು ಕೆಡಿಸಿದ್ರೆ ಐದನೇದು ಬಂದೀತು."

"ಕೆಡಿಸುವುದೇ!" ಪಾರುಪತ್ತೇಗಾರ ನಾಗರಸಯ್ಯ ಕಿವಿ ಮುಚ್ಚಿಕೊಂಡ. ದೊರೆಗಳ ಮಾತಿಗೆ ಮೊದಲು ತಾಳ ಹಾಕುವವನು ಅವನೇ. "ಮೊದಲ ಸಲಕ್ಕೇ ಎಲ್ಲವನ್ನೂ ಸರಿ ಮಾಡುವ ಪ್ರಭುಗಳ ಎದುರು ಎಂಥ ಅಪಶಕುನದ ಮಾತು!"

ದೊರೆಗಳು ಉಬ್ಬಿದರು. "ಎಂಟು ದಿನಕ್ಕೆ ದೂತನ ಬೀಳ್ಕೊಡುಗೆಯ ಔತಣ. ಅವನೆದುರು ನಾವು ನಮ್ಮೂರಿನ ಉಂಗುರ ಬಟ್ಟಲಲ್ಲೇ ಹಾಲು ಕುಡಿಯಬೇಕು. ಒಂದೇ ತುಂಡು ಮರ. ಕೆಟ್ಟರೆ ಅದನ್ನೇ ಕೊರಳಿಗೆ ಕಟ್ಟಿ ಪೇಟೆ ಬೀದಿಯಲ್ಲಿ ಮೆರವಣಿಗೆ. ಆಮೇಲೆ ಜನ್ಮದಲ್ಲಿ ಉಳಿ ಮುಟ್ಟಕೂಡದು."

ಆಜ್ಞೆ ಬರೆಯುವ ಸಂಪಣ್ಣ ಓಲೆಯಿಂದ ತಲೆಯೆತ್ತಿದ. "ಯಾರ ಕೊರಳಿಗೆ ಅಂತ ಬರೆಯಲಿ ಪ್ರಭು?"

"ಕೆಡಿಸಿದವರ ಕೊರಳಿಗೆ ಅಂತ ಬರೆ. ಅದನ್ನೂ ಹೇಳಿಕೊಡಬೇಕೇ?"

ಸಂಪಣ್ಣ ಹಾಗೇ ಬರೆದ.

ಹೊರಗೆ ಕಂಬ ಹಿಡಿದು ನಿಂತಿದ್ದ ಕಾಳಾಚಾರಿಯ ಕಣ್ಣಲ್ಲಿ ನೀರು. "ಸಂಪಣ್ಣೋರೆ, ಉಳಿ ಕಿತ್ಕೊಂಡ್ರೆ ಈ ಕೈ ಇದ್ದೂ ಇಲ್ದಂಗೆ. ನಂಗೆ ಬೇರೆ ಏನೂ ಬರಾಕಿಲ್ಲ."

ಸಂಪಣ್ಣನಿಗೆ ಸಂಕಟವಾಯಿತು. ಗಡ್ಡ ಕೆರೆದುಕೊಂಡು ಕೇಳಿದ: "ಹೊಸ ಮಾದರಿ ಕಡೆಯೋ ಮುಂಚೆ ನಿಮ್ಮ ಬೀದೀಲಿ ಏನೋ ಶಾಸ್ತ್ರ ಇದೆಯಲ್ಲ?"

"ಮೊದಲ ಉಳಿ ಮಾಡಿಸ್ಕೊಳ್ಳೋರದ್ದು. ಮರಕ್ಕೆ ಹಂಗೆ ಸೋಕಿಸಿ ನಮ್ ಕೈಗೆ ಕೊಟ್ಬಿಡ್ತಾರೆ."

"ನಮ್ಮ ದೊರೆಗಳು ಸೋಕಿಸಿ ಸುಮ್ಮನಾಗೋರೇ?" ಎಂದು ಸಂಪಣ್ಣ ನಕ್ಕ. ಕಾಳಾಚಾರಿಗೆ ನಗುವಂಥದ್ದೇನೂ ಕಾಣಲಿಲ್ಲ.

ಮರುದಿನ ಅರಮನೆಯ ಅಂಗಳಕ್ಕೇ ಮರ ಕಡೆಯುವ ತಿರುಗಣೆ ಬಂತು. ಹಗ್ಗ ಎಳೆಯಲು ಕಾಳಾಚಾರಿಯ ಹೆಂಡತಿ ಈರಮ್ಮ ಕೂತಳು. ಶಾಸ್ತ್ರದ ವಿಷಯ ಕೇಳಿ ದೊರೆಗಳು ಖುಷಿಯಿಂದಲೇ ಉಳಿ ಹಿಡಿದರು. ಮರ ಗಿರ್ರನೆ ತಿರುಗಿತು, ಸುರುಳಿ ಹೊಟ್ಟು ಎದ್ದಿತು.

"ಇಷ್ಟು ಸಾಕು ಬುದ್ಧಿ" ಎಂದ ಕಾಳಾಚಾರಿ.

"ಹೌದು ಪ್ರಭು," ಸಂಪಣ್ಣ ಕೈಮುಗಿದ. "ಮುಂದಿನದು ಕಷ್ಟದ್ದು. ಕಸುಬಿನವರಿಗೇ ಬಿಡಿ."

"ಕಷ್ಟವೇ? ನಮಗೇ?" ದೊರೆಗಳು ತೋಳೇರಿಸಿ ಪಟ್ಟಾಗಿ ಕೂತರು. "ಎಳೆಯಮ್ಮಾ!"

ಈರಮ್ಮ ಎಳೆದಳು. ದೊರೆಗಳು ಉಳಿಯನ್ನು ಒತ್ತಿಯೇ ಒತ್ತಿದರು. ಉಳಿ ಕಚ್ಚಿಕೊಂಡಿತು. ಫಟ್! ಬಟ್ಟಲಾಗಬೇಕಿದ್ದ ಮೇಲಿನ ತುಂಡು ಹಾರಿ ನಾಗರಸಯ್ಯನ ಪೇಟ ಉರುಳಿಸಿತು. ತಿರುಗಣೆಯಲ್ಲಿ ಉಳಿದದ್ದು ಮುಷ್ಟಿಗಾತ್ರದ ಮೊಂಡು.

ನಾಗರಸಯ್ಯ ಪೇಟ ಸರಿಮಾಡಿಕೊಳ್ಳುತ್ತ ಮೊಂಡನ್ನು ಎತ್ತಿ ಕಣ್ಣಿಗೊತ್ತಿಕೊಂಡ. "ಆಹಾ! ಉಂಗುರದ ಗೊಡವೆಯೇ ಇಲ್ಲ, ಹಳ್ಳವೂ ಇಲ್ಲ. ಹಾಲು ಚೆಲ್ಲುವ ಭಯವೇ ಇಲ್ಲದ ಬಟ್ಟಲು! ನೆರೆಯವರಿಗೆ ಇದು ಹೊಳೆದೇ ಇರಲಿಲ್ಲ!"

"ಹೌದೌದು!" ಎಂದಿತು ಆಸ್ಥಾನ.

"ನಾವು ಹೀಗೇ ಆಗಲೆಂದೇ ಮಾಡಿದೆವು" ಎಂದರು ದೊರೆಗಳು, ಹಣೆ ಒರೆಸಿಕೊಳ್ಳುತ್ತ.

ಸಂಪಣ್ಣ ಓಲೆ ಬಿಚ್ಚಿದ. "ಪ್ರಭು, ಕೊನೆಯ ಸಾಲು ಬಾಕಿ ಇದೆ. ಬಟ್ಟಲು ಸರಿಯಾಗಿ ಬಂದಿದೆ ಅಂತ ಬರೆಯಲೇ?"

"ಬರೆ, ಬರೆ."

"ಹಾಗಾದರೆ ಕೆಲಸ ಮುಗಿಯಿತು, ಕಾಳಾಚಾರಿ ಮನೆಗೆ ಹೋಗಬಹುದು. ಔತಣದ ದಿನ ದೂತನ ಎದುರು ತಾವು ಇದರಲ್ಲೇ ಹಾಲು ಕುಡಿಯುತ್ತೀರಿ."

ದೊರೆಗಳು ಮೊಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಾಲು ಹೊಯ್ಯಲು ಎಲ್ಲಿಯೂ ಜಾಗವಿರಲಿಲ್ಲ. "ಬೇಡ. ಕೆಟ್ಟಿದೆ ಅಂತಲೇ ಬರೆ."

"ಅಪ್ಪಣೆ. ಹಾಗಾದರೆ ಗಟ್ಟಿ ದಾರ ತರಿಸಲೇ ಪ್ರಭು? ಕೆಡಿಸಿದವರ ಕೊರಳಿಗೆ ಅಂತ ತಾವೇ ಬರೆಸಿದ್ದೀರಿ."

ಈರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರೂ ಕಿಸಕ್ಕೆಂದು ನಗು ಹೊರಬಿತ್ತು. ದೊರೆಗಳು ಅವಳನ್ನು ನೋಡಿದರು, ಮೊಂಡನ್ನು ನೋಡಿದರು. ಅವರಿಗೂ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸುಡು ಆ ಓಲೆಯನ್ನ! ಕಾಳಾಚಾರಿ, ಎಷ್ಟು ತುಂಡು ಕೆಡಿಸಬೇಕಂದೆಯೋ?"

"ನಾಕು ಬುದ್ಧಿ. ಒಂದನ್ನ ತಾವೇ ಕೆಡಿಸಿ ಉಪಕಾರ ಮಾಡಿದ್ದೀರಿ, ಇನ್ನು ಮೂರು ಸಾಕು."

ಮೂರು ತುಂಡು ಈರಮ್ಮನ ಒಲೆ ಸೇರಿದವು. ಅದರ ಮುಂದಿನದರಲ್ಲಿ ಉಂಗುರ ಮರದಿಂದ ಬಿಡಿಸಿಕೊಂಡು ಟಪ್ಪೆಂದು ಬಟ್ಟಲಿನ ಕಾಲಿಗೆ ಇಳಿಯಿತು. ಕಾಳಾಚಾರಿ ಅದನ್ನು ತಿರುಗಿಸುತ್ತ ಅರ್ಧ ದಿನ ಸುಮ್ಮನೆ ಕೂತಿದ್ದ.

ಔತಣದ ದಿನ ದೊರೆಗಳು ಆ ಬಟ್ಟಲಲ್ಲಿ ಹಾಲು ಕುಡಿದರು. ದೂತ ಕಣ್ಣರಳಿಸಿದ. ಕಾಳಾಚಾರಿಗೆ ಶಾಲು ಹೊದಿಸಿದ್ದಾಯಿತು. ಆಮೇಲೆ ದೊರೆಗಳು ನಾಗರಸಯ್ಯನ ಕಡೆ ತಿರುಗಿದರು.

"ನಿಮಗೆ ಇದಕ್ಕಿಂತ ಅದೇ ಮೆಚ್ಚುಗೆಯಾಗಿತ್ತಲ್ಲ? ಚೆಲ್ಲುವ ಭಯವಿಲ್ಲದ್ದು?"

ಮೊಂಡು ಅವನ ಕೈಗೆ ಬಂತು. ಮೇಲೆ ಬಿಸಿ ಹಾಲು ಹೊಯ್ದರು. ಅಷ್ಟೂ ಮೊಣಕೈಗುಂಟ ಹರಿದು ಜರತಾರಿ ಪಂಚೆಗೆ ಇಳಿಯಿತು.

ನಾಗರಸಯ್ಯ ದೈನ್ಯದಿಂದ ಸಂಪಣ್ಣನತ್ತ ನೋಡಿದ. ಸಂಪಣ್ಣ ಎದ್ದು ಕೈಮುಗಿದ.

"ಬೈಯಬೇಡಿ ಪ್ರಭು, ಪಾಪ, ಅವರಿಗೂ ಇದು ಮೊದಲ ಸಲ. ಇನ್ನು ಮೂರು ಸಲ ಹೊಯ್ಸಿ, ಕುಡಿಯೋದು ಬಂದೀತು."